ಅತ್ತರು ಬಿಟ್ಟ ಅಹ್ಮದ್ ಪಾಷಾ

ಅಹ್ಮದ್ ಪಾಷಾ ಕೂತಲ್ಲಿ ಕೂರುವ ಆಸಾಮಿಯಲ್ಲ. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಅವನ ತಂದೆ ಬಿಟ್ಟುಹೋದ ಅತ್ತರಿನ ಅಂಗಡಿ; ಒಬ್ಬ ಕಾಲು ಮಡಚಿ ಕೂತರೆ ಇನ್ನೊಬ್ಬ ನಿಲ್ಲಬೇಕು, ಅಷ್ಟೇ ಜಾಗ. ಅಷ್ಟರಲ್ಲೇ ಅವನು ದಿನಕ್ಕೊಂದು ಹರದಾರಿ ನಡೆಯುತ್ತಿದ್ದ. ಸೀಸೆ ಎತ್ತಿ ಆ ಕಡೆ ಇಡುವುದು, ಮತ್ತೆ ಈ ಕಡೆ ತರುವುದು. ಗಿರಾಕಿ ಮಾತಾಡುತ್ತಿದ್ದರೆ ಕಿವಿ ಇಲ್ಲಿ, ಕಣ್ಣು ಗಲ್ಲಿಯ ತುದಿಯಲ್ಲಿ. ಎದುರಿಗೆ ಹೂವಿನ ಮಂಕರಿ ಇಟ್ಟುಕೊಂಡು ಕೂರುವ ಹಲಸೂರಿನ ಮುನಿರಾಜನಿಗೆ ಅದನ್ನು ನೋಡಿಯೇ ಆಯಾಸ.

"ಲೋ ಪಾಷಾ, ಕೆಳಗೇನು ಮುಳ್ಳು ಹಾಸ್ಕೊಂಡಿದ್ದೀಯಾ? ಒಂದ್ಗಳಿಗೆ ಕೂತ್ಕೊಳೋ. ನೋಡಿ ನೋಡಿ ನಂಗೆ ಕಾಲು ನೋವು ಬರ್ತೈತೆ."

"ನಿನ್ ಹೂವು ಬಾಡ್ದೆ ಇರ್ಲಿ ಅಂತ ಗಾಳಿ ಬೀಸ್ತಾ ಇದ್ದೀನಿ ಗುರು. ಉಪಕಾರ ನೆನೆಯೋ."

ಈ ವರ್ಷ ಮುಂಗಾರಿಗೆ ಮುಂಚೆ ಒಂದು ಬೆಳಿಗ್ಗೆ ಅವನು ಏಳಲಿಲ್ಲ. ಹೃದಯ ನಿಂತಿತ್ತು. ಜೀವಮಾನವೆಲ್ಲ ನಿದ್ದೆಗಾಗಿ ಒದ್ದಾಡಿದವನು ನಿದ್ದೆಯಲ್ಲೇ ಹೋದನಲ್ಲ ಎಂದು ಗಲ್ಲಿಯವರು ಸಮಾಧಾನ ಹೇಳಿಕೊಂಡರು. ಸಮಾಧಾನವೇನೂ ಆಗಲಿಲ್ಲ. ಅವನು ಒದ್ದಾಡಿದ್ದು ತನ್ನ ನಿದ್ದೆಗಲ್ಲ, ಮಗಳ ನಿದ್ದೆಗೆ. ಆ ನಿದ್ದೆ ಅವನಿಂದ ಏನನ್ನು ಕಿತ್ತುಕೊಂಡಿತು ಎಂದು ಹೇಳಿದರೆ ಅವನ ಕಥೆ ಹೇಳಿದ ಹಾಗೆ.

ಸುಮೈರಾ ಒಬ್ಬಳೇ ಮಗಳು. ತೊಟ್ಟಿಲಲ್ಲಿದ್ದಾಗಲೇ ಕೆನ್ನೆ ಕೆಂಪಗೆ ಬಿರಿದು ಇಸುಬು ಬಂತು. ಆಮೇಲೆ, ಹೆಸರು ಹಿಡಿದು ಎಷ್ಟು ಕರೆದರೂ ತಿರುಗದ ಮಗುವನ್ನು ಎತ್ತಿಕೊಂಡು ಹೋದಾಗ, ಇದು ಆಟಿಸಂ ಎಂದು ಗೊತ್ತಾಯಿತು. ತಾಯಿ ಖುರ್ಷೀದಾ ಇವೆರಡೂ ಬೇರೆ ಬೇರೆ ಕಷ್ಟ ಎಂದುಕೊಂಡು ಬೇರೆ ಬೇರೆ ಬಾಗಿಲು ತಟ್ಟಿದಳು. ಮಾತು ಕಲಿಸುವುದಕ್ಕೆ ಇಂದಿರಾನಗರದ ಒಂದು ವಿಶೇಷ ಶಾಲೆ. ಚರ್ಮಕ್ಕೆ ಮನೆ ಕೆಳಗಿನ ಮೆಡಿಕಲ್ ಶಾಪಿನ ಟ್ಯೂಬು. ಹುಡುಗಿ ಬೆಳೆದಂತೆ ಇಸುಬು ಕೆನ್ನೆ ಬಿಟ್ಟು ಕತ್ತಿಗೆ, ಕಿವಿಯ ಹಿಂದಕ್ಕೆ, ಮೊಣಕೈ ಮಡಿಕೆಗೆ ಇಳಿಯಿತು. ಮಾತು ಮಾತ್ರ ಬೆಳೆಯಲಿಲ್ಲ. ಪಾನಿ, ನಕ್ಕೊ, ಅಬ್ಬಾ. ನೀರು, ಬೇಡ, ಅಪ್ಪ. ಇಷ್ಟರಲ್ಲೇ ಅವಳ ವ್ಯವಹಾರ.

ಯಾರಾದರೂ ಮುಟ್ಟಿದರೆ ಅವಳಿಗಾಗದು, ತಾಯಿಯಾದರೂ ಅಷ್ಟೇ. ಅಪ್ಪನಿಗೆ ಮಾತ್ರ ಒಂದು ರಿಯಾಯಿತಿ, ಅದಕ್ಕೂ ಒಂದು ಕ್ರಮ. ಸಂಜೆ ಅವನು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತು ಮಣಿಕಟ್ಟು ಚಾಚಬೇಕು. ಅವಳು ಕಣ್ಣು ಮುಚ್ಚಿ ಮೂಸುವಳು. ಶಮಾಮಾ ಅತ್ತರು, ಅವನ ಮನೆತನದ್ದು. ಮೂಗಿಗೆ ಮೊದಲು ಮಸಾಲೆ, ಆಮೇಲೆ ಒದ್ದೆ ಮಣ್ಣು. ಮೂಸಿಯಾದ ಮೇಲೆ "ಅಬ್ಬಾ" ಎನ್ನುವಳು, ಅವನ ಎರಡು ಬೆರಳು ಹಿಡಿದು ಪಕ್ಕದಲ್ಲಿ ಕೂರುವಳು. ಅಂಗಡಿಯಲ್ಲಿ ನಿಲ್ಲಲಾರದೆ ಕೂರಲಾರದೆ ಅವನು ದಿನವಿಡೀ ಕಾಯುತ್ತಿದ್ದದ್ದು ಆ ಎರಡು ಬೆರಳಿನ ಹಿಡಿತಕ್ಕೆ. ಇಡೀ ದಿನದಲ್ಲಿ ಅವನು ಅಲುಗದೆ ಕೂರುತ್ತಿದ್ದದ್ದೂ ಆಗ ಮಾತ್ರ.

ಶುಕ್ರವಾರ ಸ್ನಾನವಾದ ಮೇಲೆ ಅವನು ಅತ್ತರಿನಲ್ಲಿ ಅದ್ದಿದ ಹತ್ತಿಯನ್ನು ಅವಳ ಕಿವಿಯ ಹಿಂದೆ, ಕತ್ತಿನ ಮೇಲೆ, ಮೊಣಕೈ ಮಡಿಕೆಯಲ್ಲಿ ಒತ್ತುತ್ತಿದ್ದ. ಮೈಯ ಬಿಸಿ ಇರುವ ಜಾಗದಲ್ಲಿ ಅತ್ತರು ಹೆಚ್ಚು ಹೊತ್ತು ನಿಲ್ಲುತ್ತದೆ ಎಂಬುದು ಅವನ ಕಸುಬಿನ ಪಾಠ. ಅತ್ತರು ಹಾಕಿಕೊಳ್ಳುವುದು ಸುನ್ನತ್, ಪ್ರವಾದಿಗಳಿಗೆ ಪ್ರಿಯವಾದದ್ದು ಎಂಬುದು ಮನೆಯ ಪಾಠ. ಎರಡರ ಮೇಲೂ ಅವನಿಗೆ ಒಂದು ದಿನವೂ ಅನುಮಾನ ಬಂದಿರಲಿಲ್ಲ.

ಸುಮೈರಾಗೆ ಹದಿನೈದಾದ ವರ್ಷ ಮನೆ ಕೆಟ್ಟಿತು. ರಾತ್ರಿಯೆಲ್ಲ ಹುಡುಗಿ ಕೋಣೆಯಿಂದ ಕೋಣೆಗೆ ತಿರುಗುವಳು. ಮುಂಗೈ ಕಚ್ಚಿಕೊಳ್ಳುವಳು, ಗೋಡೆಗೆ ತಲೆ ಚಚ್ಚಿಕೊಳ್ಳುವಳು. ಕತ್ತಿನ ಮೇಲೆ ಉಗುರಿನ ಗೀರು, ದಿಂಬಿನ ಮೇಲೆ ರಕ್ತ. ಶಾಲೆಯವರು ಕರೆಸಿ, ಇದು ಆಟಿಸಂನ ವರ್ತನೆ, ಹದಿಹರೆಯದಲ್ಲಿ ಹೀಗಾಗುತ್ತೆ, ಇಷ್ಟು ಜೋರಾದರೆ ನಾವು ಇಟ್ಟುಕೊಳ್ಳುವುದು ಕಷ್ಟ ಎಂದರು. ಒಬ್ಬ ಡಾಕ್ಟರು ನಿದ್ದೆ ಮಾತ್ರೆ ಬರೆದರು. ಅವಳು ಹಗಲು ತೂಕಡಿಸಿದಳು, ರಾತ್ರಿ ತುರಿಸಿಕೊಂಡಳು. ಪಕ್ಕದ ಮನೆಯ ಚಾಂದ್ ಬೀ, "ಗಾಳಿ ಸೋಕಿದೆ ಖುರ್ಷೀದಾ, ದರ್ಗಾಕ್ಕೆ ಕರ್ಕೊಂಡು ಹೋಗು" ಎಂದಳು. ಖುರ್ಷೀದಾ ಅಲ್ಲಿಗೂ ಹೋಗಿಬಂದಳು. ಅಹ್ಮದ್ ಪಾಷಾ ಮನೆಯಲ್ಲಿ ಮಗಳ ಹಿಂದೆ ನಡೆದ, ಅಂಗಡಿಯಲ್ಲಿ ಸುಮ್ಮನೆ ನಡೆದ.

ಮಹದೇವಪುರದ ಒಬ್ಬ ಚರ್ಮದ ಡಾಕ್ಟರು ಇಂಥ ಮಕ್ಕಳನ್ನು ತಾಳ್ಮೆಯಿಂದ ನೋಡುತ್ತಾರಂತೆ ಎಂಬ ಸುದ್ದಿ ತಂದವನು ಮುನಿರಾಜ. ಅವನ ನಾದಿನಿ ಅಲ್ಲಿ ನರ್ಸು.

"ಚರ್ಮದ ಡಾಕ್ಟ್ರು ಯಾಕೋ? ಅವಳ್ದು ತಲೆ ತೊಂದ್ರೆ ಅಂತಿದ್ದಾರೆ ಎಲ್ಲಾರೂ."

"ಅವಳು ಕೆರ್ಕೊಳ್ತಿರೋದು ತಲೆನಾ, ಕತ್ತನ್ನಾ? ಸುಮ್ನೆ ಹತ್ತು ಗಾಡಿ."

ಬಸ್ಸಿನ ನೂಕು ಅವಳಿಗೆ ಆಗುವುದಿಲ್ಲ. ಮುನಿರಾಜನ ಲಗೇಜ್ ಆಟೊದಲ್ಲಿ, ಖಾಲಿ ಮಂಕರಿಗಳ ನಡುವೆ, ಮೂವರೂ ಕೂತು ಹೊರಟರು. ಹಲಸೂರು ದಾಟುವವರೆಗೂ ಮಲ್ಲಿಗೆ ವಾಸನೆಯಲ್ಲಿ ಹುಡುಗಿ ತೆಪ್ಪಗಿದ್ದಳು. ಟಿನ್ ಫ್ಯಾಕ್ಟರಿ ಸರ್ಕಲ್ಲಿನಲ್ಲಿ ಗಾಡಿ ಸಿಕ್ಕಿಕೊಂಡಿತು. ಹಿಂದೆ ಮುಂದೆ ಹಾರನ್ನು. ಸುಮೈರಾ ಗಾಡಿಯ ತಗಡಿಗೆ ತಲೆ ಕುಟ್ಟತೊಡಗಿದಳು.

"ಈ ಟಿನ್ ಫ್ಯಾಕ್ಟರಿ ದಾಟೋದ್ರೊಳಗೆ ಮೊಗ್ಗೂ ಮುದುಕಿ ಆಗ್ತೈತೆ" ಎಂದು ಮುಂದಿನಿಂದ ಮುನಿರಾಜ ಬೈದ. ಅಹ್ಮದ್ ಪಾಷಾ ಜೇಬಿನ ಸೀಸೆ ತೆಗೆದು ಮಣಿಕಟ್ಟಿಗೆ ಸವರಿ ಚಾಚಿದ. ಅವಳು ಮೂಸಿದಳು. ಸಾಲದೆ, ಆ ಮಣಿಕಟ್ಟನ್ನು ಎಳೆದು ತನ್ನ ಕತ್ತಿಗೆ, ಮೊಣಕೈ ಮಡಿಕೆಗೆ ತಿಕ್ಕಿಕೊಂಡಳು. ಸುಮ್ಮನಾದಳು. ಅಪ್ಪ ಹೆಮ್ಮೆಯಿಂದ ಹೆಂಡತಿಯ ಮುಖ ನೋಡಿದ.

ಡಾಕ್ಟರ್ ರಮ್ಯ ಹುಡುಗಿಯನ್ನು ಮುಟ್ಟಲು ಹೋಗಲಿಲ್ಲ. ನೆಲದ ಮೇಲೆ ಕೂತು, ಅವಳು ತಾನಾಗಿ ಕೈ ಮಡಚಿ ಬಿಡಿಸುವವರೆಗೂ ಕಾದು, ದೂರದಿಂದಲೇ ನೋಡಿದರು. ಮಡಿಕೆಯ ಚರ್ಮ ದಪ್ಪಗಾಗಿ ಒಡೆದು ನೀರು ಸೋರುತ್ತಿತ್ತು.

"ಇಷ್ಟು ಉರಿ ನಮಗಿದ್ದಿದ್ರೆ ನಾವೂ ಗೋಡೆಗೆ ತಲೆ ಚಚ್ಕೊಳ್ತಿದ್ವಿ" ಎಂದರು. "ನಾವು ತುರಿಕೆ ಅಂತ ಬಾಯ್ಬಿಟ್ಟು ಹೇಳ್ತೀವಿ. ಅವಳು ಹೇಳಲ್ಲ. ಅದಕ್ಕೆ ಎಲ್ಲಾ ಆಟಿಸಂ ಲೆಕ್ಕಕ್ಕೆ ಹೋಗ್ಬಿಡುತ್ತೆ."

"ಎರಡಕ್ಕೂ ಸಂಬಂಧ ಇದೆಯಾ ಮೇಡಂ?" ಎಂದಳು ಖುರ್ಷೀದಾ.

"ಇರಬಹುದು ಅಂತಾರೆ. ಆಟಿಸಂ ಇರೋರಲ್ಲಿ ಇಸುಬು, ಅಲರ್ಜಿ ಸ್ವಲ್ಪ ಜಾಸ್ತಿ ಕಾಣುತ್ತೆ ಅಂತ ಕೆಲವು ಅಧ್ಯಯನ ಹೇಳ್ತವೆ, ಅಂಥದ್ದೇನಿಲ್ಲ ಅಂತ ಕೆಲವು. ಬಸಿರಲ್ಲಿ ಚರ್ಮ, ಮೆದುಳು ಎರಡೂ ಒಂದೇ ಪದರದಿಂದ ಬೆಳೀತವೆ, ಅದಕ್ಕಿರಬಹುದು ಅಂತ ಒಬ್ಬರು. ರೋಗ ತಡೆಯೋ ಶಕ್ತಿಯಲ್ಲೇ ಏನೋ ವ್ಯತ್ಯಾಸ ಅಂತ ಇನ್ನೊಬ್ಬರು. ಪಕ್ಕಾ ಯಾರಿಗೂ ಗೊತ್ತಿಲ್ಲ. ಒಂದರಿಂದ ಇನ್ನೊಂದು ಬಂತು ಅಂತ ಮಾತ್ರ ತಿಳ್ಕೋಬೇಡಿ."

ಖುರ್ಷೀದಾ ಸ್ವಲ್ಪ ಹೊತ್ತು ಸೆರಗಿನ ತುದಿ ತಿರುಚಿದಳು. "ಹಂಗಾದ್ರೆ... ಚರ್ಮ ವಾಸಿಯಾದ್ರೆ, ಮಾತು ಬರುತ್ತಾ?"

"ಇಲ್ಲಮ್ಮ" ಎಂದರು ಡಾಕ್ಟರು, ಮೆಲ್ಲಗೆ. "ನಿದ್ದೆ ಬರುತ್ತೆ."

ಆಮೇಲೆ ಅವರು ಮೈಗೆ ಏನೇನು ಹಚ್ಚುತ್ತೀರಿ ಎಂದು ಕೇಳಿದರು. ಸೋಪು? ಎಣ್ಣೆ? ಪೌಡರು? ಅಹ್ಮದ್ ಪಾಷಾ ಎದ್ದು ನಿಂತೇ ಉತ್ತರ ಕೊಟ್ಟ. "ಏನೂ ಇಲ್ಲ ಮೇಡಂ. ಪೌಡ್ರು ಗೀಡ್ರು ನಮ್ಮನೇಗೆ ಬರೋದೇ ಇಲ್ಲ."

ಅದು ಸುಳ್ಳಲ್ಲ. ಅತ್ತರು ಹಚ್ಚುವ ವಸ್ತು ಎಂದು ಅವನಿಗೆ ಹೊಳೆಯಲೇ ಇಲ್ಲ. ಉಸಿರಾಡುವುದನ್ನು ಯಾರಾದರೂ ಲೆಕ್ಕಕ್ಕೆ ಹಿಡಿಯುತ್ತಾರೆಯೇ? ಡಾಕ್ಟರು ಬರೆದು ಮುಗಿಸಿ ತಲೆಯೆತ್ತಿ, "ನೀವು ಬಂದಾಗಿನಿಂದ ರೂಮೆಲ್ಲ ಘಮ ಅಂತಿದೆ, ಏನದು?" ಎಂದದ್ದೇ ತಡ, ಅವನ ಮುಖ ಅರಳಿತು.

"ಶಮಾಮಾ ಮೇಡಂ! ನಮ್ದೇ ಅಂಗಡೀದು. ಒಂದು ತೊಟ್ಟು ಸ್ಪಿರಿಟ್ ಇಲ್ಲ. ಕೈ ಕೊಡಿ, ಹಚ್ತೀನಿ." ಸೀಸೆ ಆಗಲೇ ಹೊರಗೆ ಬಂದಿತ್ತು.

ಡಾಕ್ಟರು ಕೈ ಕೊಡಲಿಲ್ಲ. "ಮಗಳಿಗೂ ಹಚ್ತೀರಾ?"

"ಜುಮ್ಮಾ ದಿನ ತಪ್ಪಿಸಲ್ಲ. ಕಿವಿ ಹಿಂದೆ, ಕತ್ತಿಗೆ, ಇಲ್ಲಿ..." ತನ್ನ ಮೊಣಕೈ ಮಡಿಕೆಯನ್ನು ತೋರಿಸಿದ ಬೆರಳು ಅಲ್ಲೇ ನಿಂತಿತು. ಮಗಳ ಮಡಿಕೆ ನೋಡಿದ. ಕತ್ತು ನೋಡಿದ.

ಅಂದು ಹಿಂದಿರುಗುವಾಗ ಗಾಡಿಯಲ್ಲಿ ಅವನು ವಾದ ಮಾಡುತ್ತಲೇ ಇದ್ದ. ಅಪ್ಪಟ ಗಂಧದೆಣ್ಣೆಯಿಂದ ಯಾರಿಗೆ ಏನಾದೀತು? ಆದರೆ ಅವನಿಗೇ ಗೊತ್ತಿತ್ತು, ಅವನ ತಂದೆಯ ಕಾಲದಲ್ಲಿ ಗಂಧದೆಣ್ಣೆಯ ಮೇಲೆ ಬಟ್ಟಿ ಇಳಿಸುತ್ತಿದ್ದ ಅತ್ತರು ಈಗ ಯಾವ ಯಾವುದೋ ಅಗ್ಗದ ಎಣ್ಣೆಯ ಮೇಲೆ ಇಳಿದು ಬರುತ್ತದೆ. ಅಪ್ಪಟವಾದರೂ ಕೆಲವರ ಚರ್ಮ ತಾಳುವುದಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಅತ್ತರೇ ಇಸುಬಿನ ಬೇರಲ್ಲ, ಇದ್ದ ಬೆಂಕಿಗೆ ಎಣ್ಣೆ ಇರಬಹುದು. ನಿಲ್ಲಿಸಿ ನೋಡಿ, ಅಷ್ಟೇ. ಜೊತೆಗೆ ಒಂದು ಔಷಧ, ಸ್ನಾನದ ಮೇಲೆ ಹಚ್ಚಲು ವಾಸನೆಯಿಲ್ಲದ ಬಿಳಿ ಮುಲಾಮಿನ ದೊಡ್ಡ ಡಬ್ಬಿ.

ಶುಕ್ರವಾರದ ಹತ್ತಿ ನಿಂತಿತು. ಆದರೆ ಸಂಜೆ ಬಾಗಿಲಲ್ಲಿ ಅವಳು ಅವನ ಮಣಿಕಟ್ಟು ಹಿಡಿದು ತನ್ನ ಕತ್ತಿಗೆ ತಿಕ್ಕಿಕೊಳ್ಳುವುದು ನಿಲ್ಲಲಿಲ್ಲ. ಹಾಗಾಗಿ ಅವನೂ ಹಚ್ಚಿಕೊಳ್ಳುವುದನ್ನು ಬಿಟ್ಟ. ಬಿಟ್ಟರೇನು, ಅಂಗಡಿಯಲ್ಲಿ ಕೂತವನ ಕೂದಲಿಗೆ, ಬಟ್ಟೆಗೆ, ಚರ್ಮಕ್ಕೆ ಅದು ಹತ್ತಿಕೊಂಡೇ ಇರುತ್ತದೆ. ಕೊನೆಗೆ ಅಂಗಡಿಯ ಗದ್ದಿಗೆಯ ಮೇಲೆ ತಮ್ಮ ಮುಬೀನನನ್ನು ಕೂರಿಸಿ, ತಾನು ಗಲ್ಲಿಯ ಬಾಯಲ್ಲಿ ಒಂದು ಹಲಗೆ ಹಾಕಿಕೊಂಡು ಖಾಲಿ ಸೀಸೆ ಮಾರಲು ಕೂತ. ಕೆತ್ತನೆಯ ಗಾಜಿನ ಪುಟ್ಟ ಪುಟ್ಟ ಅತ್ತರುದಾನಿಗಳು, ಒಳಗೆ ಏನೂ ಇಲ್ಲ.

"ಬನ್ರಪ್ಪಾ ಬನ್ನಿ," ಎಂದು ಮುನಿರಾಜ ಕೂಗುತ್ತಿದ್ದ, "ಖಾಲಿ ಬಾಟ್ಲಿ ಸಾಹೇಬ್ರು! ವಾಸನೆ ನೀವೇ ಮನೆಯಿಂದ ತಂದ್ಕೊಳಿ!"

"ನಗು ನಗು. ಗಾಣದವನ ತಲೆಗೆ ಎಣ್ಣೆ ಇಲ್ಲ ಅಂತ ಊರೆಲ್ಲ ನಗ್ತೈತೆ, ನೀನ್ಯಾಕೆ ಬಾಕಿ?" ಎನ್ನುತ್ತಿದ್ದ ಅಹ್ಮದ್ ಪಾಷಾ. ನಗುತ್ತಲೂ ಇದ್ದ. ಮನೆಯಲ್ಲಿ ನಡೆದದ್ದನ್ನು ಅವನು ಗೆಳೆಯನಿಗೆ ಹೇಳಿದ್ದು ಬಹಳ ದಿನಗಳ ಮೇಲೆ.

ನಡೆದದ್ದು ಇಷ್ಟು. ಮೈಯೆಲ್ಲ ಉಜ್ಜಿ ತೊಳೆದು, ಹೊಸದಾಗಿ ಒಗೆದ ಬಟ್ಟೆ ತೊಟ್ಟು ಮೊದಲ ಸಲ ಅವನು ಬಾಗಿಲಲ್ಲಿ ಮಣಿಕಟ್ಟು ಚಾಚಿದ. ಸುಮೈರಾ ಮೂಸಿದಳು. ಇನ್ನೊಮ್ಮೆ ಮೂಸಿದಳು. ಯಾರದೋ ವಸ್ತುವನ್ನು ಅವರಿಗೇ ಹಿಂದಿರುಗಿಸಿದ ಹಾಗೆ ಆ ಕೈಯನ್ನು ಕೆಳಗೆ ಬಿಟ್ಟಳು. ಅವನನ್ನು ದಾಟಿ ಹೋಗಿ ಮೆಟ್ಟಿಲ ಕಡೆ ಬಗ್ಗಿ, "ಅಬ್ಬಾ" ಎಂದಳು. ಅವನು ಅಲ್ಲೇ ನಿಂತಿದ್ದ. ಅವಳು ಮೆಟ್ಟಿಲನ್ನೇ ನೋಡುತ್ತಿದ್ದಳು.

ಮರುದಿನವೂ ಅದೇ. ಅದರ ಮರುದಿನವೂ. ಅತ್ತ ಕತ್ತಿನ ಗೀರುಗಳು ಒಣಗಿದವು, ಮಡಿಕೆಯ ಕೆಂಪು ಇಳಿಯಿತು. ಹುಡುಗಿ ಮಲಗತೊಡಗಿದಳು. ಖುರ್ಷೀದಾ ವರ್ಷಗಳ ಮೇಲೆ ಒಂದು ಬೆಳಿಗ್ಗೆ ಬಿಸಿಲು ಬಿದ್ದ ಮೇಲೆ ಎದ್ದಳು; ಎದ್ದು, ಮನೆ ಇಷ್ಟು ಸುಮ್ಮನಿದೆಯಲ್ಲ ಎಂದು ಹೆದರಿದಳು. ಮಲಗಿದ ಮಗಳ ಬಾಗಿಲ ಹೊರಗೆ ಗಂಡ ಒಬ್ಬನೇ ಅತ್ತಿಂದಿತ್ತ ನಡೆಯುತ್ತಿದ್ದ.

ರಂಜಾನ್ ಹಬ್ಬದ ಬೆಳಿಗ್ಗೆ ಅವನ ಜೇಬು ಉಬ್ಬಿದ್ದನ್ನು ಆಕೆ ಕಂಡಳು.

"ಏನದು?"

"ಏನಿಲ್ಲ."

"ತೆಗೀರಿ. ಸುಮೈರಾಳ ಅಬ್ಬಾ, ನಾನು ನೋಡ್ತೀನಿ, ತೆಗೀರಿ." ಸೀಸೆ ಹೊರಬಂತು. "ಒಂದೇ ತೊಟ್ಟು" ಎಂದ ಅವನು. "ಹಬ್ಬ. ಒಂದ್ಸಲ ಅಬ್ಬಾ ಅನ್ಲಿ. ಮೆಟ್ಟಿಲಿಗಲ್ಲ, ನಂಗೆ."

"ನಿಮ್ಗೆ ಅವಳ ಬೆರಳು ಬೇಕಾ, ಅವಳ ನಿದ್ದೆ ಬೇಕಾ?"

ಅವನು ಸೀಸೆಯನ್ನು ಮತ್ತೆ ಜೇಬಿಗೆ ಹಾಕಿಕೊಂಡು ಹೊರಟ. ನಮಾಜು ಮುಗಿಸಿ ನೇರ ಹೂವಿನ ಮಂಕರಿಯ ಬಳಿ ಬಂದು ಸೀಸೆಯನ್ನು ಮುನಿರಾಜನ ಅಂಗೈಯಲ್ಲಿಟ್ಟ. "ಇಟ್ಕೊ. ನಾನ್ ಕೇಳಿದ್ರೂ ಕೊಡ್ಬೇಡ."

"ಹೂವಿನವನಿಗೆ ಅತ್ತರ್ ಕೊಡೋ ಮಹಾರಾಯ ನೀನೊಬ್ನೇ ನೋಡು" ಎಂದ ಮುನಿರಾಜ. ಆದರೆ ತಮಾಷೆ ಮುಂದುವರಿಯಲಿಲ್ಲ. ಆ ಸೀಸೆ ಅವನ ಮನೆಯ ದೇವರ ಗೂಡಿನ ಪಕ್ಕದಲ್ಲಿ ಉಳಿಯಿತು.

ಮುಲಾಮಿನದು ಬೇರೆಯೇ ರಗಳೆಯಾಗಿತ್ತು. ಖುರ್ಷೀದಾ ಡಬ್ಬಿ ತೆಗೆದರೆ ಸಾಕು, ಹುಡುಗಿ "ನಕ್ಕೊ" ಎಂದು ಓಡುವಳು. ಮಲಗಿದಾಗ ಕದ್ದು ಹಚ್ಚಬೇಕು. ಹಬ್ಬ ಕಳೆದ ಮೇಲೆ ಒಂದು ಸಂಜೆ ಅಹ್ಮದ್ ಪಾಷಾ ಮಗಳಿಂದ ಒಂದು ಮಾರು ದೂರದಲ್ಲಿ ನೆಲದ ಮೇಲೆ ಕೂತು, ಡಬ್ಬಿ ತೆರೆದು, ತನ್ನ ಮಣಿಕಟ್ಟಿಗೆ ತಾನೇ ಮುಲಾಮು ಹಚ್ಚಿಕೊಂಡ. ಅತ್ತರು ಸವರುತ್ತಿದ್ದ ಹಾಗೆಯೇ, ಹೆಬ್ಬೆರಳಲ್ಲಿ ನಿಧಾನಕ್ಕೆ, ಸುತ್ತು ಸುತ್ತಾಗಿ. ಕರೆಯಲಿಲ್ಲ, ಚಾಚಲಿಲ್ಲ. ಎದ್ದು ಓಡಾಡುವ ಕಾಲನ್ನು ಹಿಡಿದಿಟ್ಟುಕೊಂಡು ಕೂತ. ಅವಳು ಕಣ್ಣಂಚಿನಲ್ಲಿ ನೋಡಿದಳು. ಅಷ್ಟೇ.

ಅವನು ದಿನವೂ ಕೂತ. ಕೂರುವುದು ಅವನಿಗೆಷ್ಟು ಕಷ್ಟ ಎಂದು ಬಲ್ಲವರಿಗೆ ಗೊತ್ತು. ಮಳೆ ಹಿಡಿಯುವ ಹೊತ್ತಿಗೆ ಅವಳು ಹತ್ತಿರ ಬಂದು ಆ ಮಣಿಕಟ್ಟು ಮೂಸಿದಳು. ಮೂಸುವಂಥದ್ದೇನೂ ಅಲ್ಲಿರಲಿಲ್ಲ. ಹೆಬ್ಬೆರಳು ಸುತ್ತುವುದನ್ನು ಬಹಳ ಹೊತ್ತು ನೋಡಿದಳು. ಅದು ಅವಳಿಗೆ ಗೊತ್ತಿದ್ದ ಹೆಬ್ಬೆರಳು. "ಅಬ್ಬಾ" ಎಂದಳು. ಈ ಸಲ ಮೆಟ್ಟಿಲ ಕಡೆ ನೋಡಲಿಲ್ಲ. ಬೇರೆ ಕಡೆ ಮುಖ ತಿರುಗಿಸಿಕೊಂಡೇ ಮೊಣಕೈ ಮಡಿಕೆಯನ್ನು ಅವನ ಮುಂದಿಟ್ಟಳು.

ಅಂದಿನಿಂದ ಅದೇ ಕ್ರಮವಾಯಿತು: ಮೊದಲು ಅಪ್ಪನ ಮಣಿಕಟ್ಟಿಗೆ, ಆಮೇಲೆ ಮಗಳಿಗೆ, ಕೊನೆಗೆ ಎರಡು ಬೆರಳು. ಇಸುಬು ಪೂರ್ತಿ ಹೋಗಲಿಲ್ಲ. ಚಳಿಗೆ ಒಮ್ಮೆ, ಬೇಸಿಗೆಗೆ ಒಮ್ಮೆ ತಲೆಯೆತ್ತುತ್ತಿತ್ತು. ಆದರೆ ನಾಲ್ಕು ವರ್ಷ ಆ ಮನೆಯಲ್ಲಿ ಜನ ಮಲಗಿ ಎದ್ದರು.

ಅವನು ಏಳದ ಆ ಬೆಳಿಗ್ಗೆ ಮನೆ ತುಂಬ ಜನ. ಗದ್ದಲಕ್ಕೆ ಸುಮೈರಾ ಮಾಳಿಗೆಯ ನೀರಿನ ತೊಟ್ಟಿಯ ಹಿಂದೆ ಅವಿತುಕೊಂಡಿದ್ದಳು. ಮಸೀದಿಯ ಹಿರಿಯ ಇನಾಯತ್ ಉಲ್ಲಾ ಮತ್ತು ಮುಬೀನ್ ಮೈ ತೊಳೆದು, ಕರ್ಪೂರ ಹಾಕಿ, ಕಫನಿನ ಬಿಳಿ ಬಟ್ಟೆ ಹೊದಿಸಿದರು. ಗಂಟು ಹಾಕುವ ಮೊದಲು ಹಿರಿಯರು, "ಕಫನಿಗೆ ಹಚ್ಚೋಕೆ ಅತ್ತರು ಯಾರ ಹತ್ರ ಇದೆ?" ಎಂದರು. ಮುನಿರಾಜ ಮೆಟ್ಟಿಲಲ್ಲಿ ನಿಂತಿದ್ದ. ಮುಷ್ಟಿಯಲ್ಲಿ ಆ ಸೀಸೆ.

"ಕೊಡಲಾ ಭಾಬಿ?" ಎಂದ. "ಕೇಳಿದ್ರೂ ಕೊಡ್ಬೇಡ ಅಂದಿದ್ದ."

"ಬೇಡ ಭಾಯ್" ಎಂದಳು ಖುರ್ಷೀದಾ. "ಅವಳು ಬಂದು ನೋಡೋವರ್ಗೂ ಬೇಡ. ಹತ್ತಿದ್ರೆ ಮತ್ತೆ ಮೈಯೆಲ್ಲ ಕಿತ್ಕೊಳ್ತಾಳೆ."

ಹುಡುಗಿ ಬಂದಳು. ಜನರನ್ನು ನೋಡಲಿಲ್ಲ, ಮುಖವನ್ನೂ ನೋಡಲಿಲ್ಲ. ಬಿಳಿ ಬಟ್ಟೆಯ ಮೇಲೆ ಕೈ ಆಡಿಸಿ ಏನನ್ನೋ ಹುಡುಕಿದಳು. ಖುರ್ಷೀದಾ ಬಟ್ಟೆ ಸರಿಸಿ ಗಂಡನ ಕೈ ಹೊರಗೆ ತೆಗೆದಳು. ಸುಮೈರಾ ಮೂಸಿದಳು. ಕರ್ಪೂರ. ಕೈ ಕೆಳಗೆ ಬಿಟ್ಟು, ಎದ್ದು, ಮುನಿರಾಜನನ್ನು ದಾಟಿ ಮೆಟ್ಟಿಲ ಕಡೆ ಬಗ್ಗಿದಳು.

"ಅಬ್ಬಾ."

ಯಾರೋ ಬಿಕ್ಕಿದರು. ಖುರ್ಷೀದಾ ಓಡಿಹೋಗಿ ಡಬ್ಬಿ ತಂದು ಆ ಮಣಿಕಟ್ಟಿಗೆ ಮುಲಾಮು ಹಚ್ಚಿದಳು. ತಣ್ಣನೆಯ ಚರ್ಮದ ಮೇಲೆ ಅದು ಕರಗಲಿಲ್ಲ, ಬೆಳ್ಳಗೆ ಹಾಗೇ ಕೂತಿತು. ಸುಮೈರಾ ತಿರುಗಿ ನೋಡಿದಳು; ಅಪ್ಪನ ಹೆಬ್ಬೆರಳು ಸುತ್ತುತ್ತಿರಲಿಲ್ಲ. ಮತ್ತೆ ಮೆಟ್ಟಿಲಿಗೇ ಹೋದಳು. ಇವತ್ತು ಅಪ್ಪನ ಗುರುತು ಹತ್ತದೆ ಹೋದರೆ ಇವಳು ಇನ್ನು ದಿನವೂ ಹೀಗೇ ಈ ಮೆಟ್ಟಿಲಿನಲ್ಲಿ ಕಾಯುತ್ತಾಳೆ ಎಂಬುದು ಖುರ್ಷೀದಾಗೆ ಆಗ ಕಂಡಿತು.

"ಕೊಡಿ ಭಾಯ್" ಎಂದು ಕೈ ಚಾಚಿದಳು.

ಮುಲಾಮು ಒರೆಸಿ ಶಮಾಮಾ ಸವರಿದಳು. ಬಿಸಿಯಿಲ್ಲದ ಮೈಯಲ್ಲಿ ಅತ್ತರು ಏಳುವುದಿಲ್ಲ. ಅತ್ತರಿನವನ ಹೆಂಡತಿಗೆ ಅದು ಗೊತ್ತು. ಆ ಮಣಿಕಟ್ಟನ್ನು ಎರಡು ಅಂಗೈ ನಡುವೆ ಇಟ್ಟುಕೊಂಡು ತಿಕ್ಕಿದಳು, ತನ್ನ ಬಿಸಿ ಅದಕ್ಕೆ ಹತ್ತುವವರೆಗೂ. ಕೋಣೆಯಲ್ಲಿ ಮಸಾಲೆಯ ವಾಸನೆ ಎದ್ದಿತು, ಅದರ ಹಿಂದೆ ಒದ್ದೆ ಮಣ್ಣು.

ಸುಮೈರಾ ಮೆಟ್ಟಿಲು ಬಿಟ್ಟು ಬಂದಳು. ಕಣ್ಣು ಮುಚ್ಚಿ ಮೂಸಿದಳು. "ಅಬ್ಬಾ" ಎಂದು ಎರಡು ಬೆರಳು ಹಿಡಿದು ಕೂತಳು. ಸ್ವಲ್ಪ ಹೊತ್ತಿಗೆ ಆ ಮಣಿಕಟ್ಟನ್ನು ಎತ್ತಿ ಕತ್ತಿಗೆ ತಿಕ್ಕಿಕೊಂಡಳು, ಮೊಣಕೈ ಮಡಿಕೆಗೆ ತಿಕ್ಕಿಕೊಂಡಳು. ಮುಬೀನ್ ತಡೆಯಲು ಮುಂದೆ ಬಂದ. ಖುರ್ಷೀದಾ ಬೇಡವೆಂದು ತಲೆಯಾಡಿಸಿದಳು. ಗಂಡಸರು ಅವನನ್ನು ಎತ್ತಿಕೊಂಡು ಇಳಿಯುವಾಗ ಹುಡುಗಿ ಮೆಟ್ಟಿಲ ಕಡೆ ನೋಡಲಿಲ್ಲ. ಕೈ ಮಡಚಿ ತನ್ನ ಮೊಣಕೈಯನ್ನೇ ಮೂಸುತ್ತಾ ಕೂತಿದ್ದಳು.

ಮರುದಿನದ ಹೊತ್ತಿಗೆ ಕತ್ತು, ಮಡಿಕೆ ಎಲ್ಲ ಕೆಂಪಗೆ ಉಬ್ಬಿತು. ಖುರ್ಷೀದಾ ಡಬ್ಬಿ ಹಿಡಿದು ಮಗಳ ಮುಂದೆ ಕೂತು, ಬೆರಳಲ್ಲಿ ಮುಲಾಮು ತೆಗೆದು ಅವಳ ಕಡೆ ಚಾಚಿದಳು. "ನಕ್ಕೊ" ಎಂದು ಹುಡುಗಿ ಕೈ ಎಳೆದುಕೊಂಡಳು. ಆದರೆ ಓಡಲಿಲ್ಲ. ತಾಯಿಯ ಆ ಬೆರಳನ್ನು ತುದಿಯಲ್ಲಿ ಹಿಡಿದು, ತಿರುಗಿಸಿ, ತಾಯಿಯದೇ ಮಣಿಕಟ್ಟಿನ ಮೇಲೆ ಇಟ್ಟಳು.

ಖುರ್ಷೀದಾ ಹಚ್ಚಿಕೊಂಡಳು, ನಿಧಾನಕ್ಕೆ, ಸುತ್ತು ಸುತ್ತಾಗಿ. ಸುಮೈರಾ ಬಗ್ಗಿ ಮೂಸಿದಳು. ಆಮೇಲೆ ಗೋಡೆ ಕಡೆ ಮುಖ ತಿರುಗಿಸಿಕೊಂಡು, ಉರಿಯುವ ಕೈಯನ್ನು ಮುಂದಿಟ್ಟಳು.